ಆಳಿಲ್ಲದ ಮನೆಯ ರಂಗೋಲಿ

ತನ್ನ ಮನೆಯಲ್ಲಿ ತಾನು ವಾಸವಾಗಿಲ್ಲ ಎಂಬ ಸಂಗತಿ ಲಿಂಗಪ್ಪನಿಗೆ ತಿಳಿದದ್ದು ಸೆಂಗಾಡುಪಾಳ್ಯದ ಪುರಸಭೆ ಕಚೇರಿಯಲ್ಲಿ.

ಅದು ಎಂಬತ್ತೇಳರ ಬೇಸಿಗೆ. ಮಳೆ ಕೈಕೊಟ್ಟಿತ್ತು. ನೀರು ಉಳಿಸುವ ಉಪಾಯ ಹುಡುಕಲು ಪುರಸಭೆಯವರು ಸಭೆ ಸೇರಿ, ಬೋಂಡಾ ತಿಂದು, ಕಾಫಿ ಕುಡಿದು, ಆಳಿಲ್ಲದ, ಅಂದರೆ ಜನ ವಾಸವಿಲ್ಲದ, ಮನೆಗಳ ಕೊಳಾಯಿ ಬಂದ್ ಮಾಡುವುದೆಂದು ಒಮ್ಮತದಿಂದ ತೀರ್ಮಾನಿಸಿದ್ದರು. ಯಾವ ಮನೆಯಲ್ಲಿ ಆಳಿಲ್ಲ ಎಂದು ಹೇಳುವ ಹೊಣೆ ನೈರ್ಮಲ್ಯ ವಿಭಾಗದ ಮೇಸ್ತ್ರಿ ಕರುಪ್ಪಸಾಮಿಯದು. ಬೀದಿ ಗುಡಿಸುವವರ ಹಿಂದೆ ಬೆಳಿಗ್ಗೆ ಸೈಕಲ್ ತಳ್ಳಿಕೊಂಡು ಹೋಗುವ ಕರುಪ್ಪಸಾಮಿ ಯಾವ ಬಾಗಿಲನ್ನೂ ತಟ್ಟಲಿಲ್ಲ. ಹೊಸ್ತಿಲ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕಿದ್ದರೆ ಮನೆಯಲ್ಲಿ ಜನ ಇದ್ದಾರೆ. ಇಲ್ಲದಿದ್ದರೆ ಒಂದೋ ಸಾವಿನ ಮನೆ, ಇಲ್ಲವೇ ಬೀಗ ಹಾಕಿದ ಮನೆ. ಸಾವಿನ ಮನೆಯಾದರೆ ಅಳು ಕೇಳಬೇಕು. ಲಿಂಗಪ್ಪನ ಮನೆಯಿಂದ ಅಳುವೂ ಕೇಳಲಿಲ್ಲ. ಕೊಳಾಯಿ ಬಂದ್ ಆಯಿತು.

ಊರು ತಮಿಳು ಸೀಮೆಯದು, ಕಚೇರಿಯ ಮಾತೆಲ್ಲ ತಮಿಳಿನಲ್ಲಿ ನಡೆಯಿತು. ಓದುವವರ ಅನುಕೂಲಕ್ಕೆ ನಾನು ಕನ್ನಡಕ್ಕೆ ಇಳಿಸಿದ್ದೇನೆ, ಸಿಟ್ಟನ್ನೂ, ಆ ಕಡೆಯವರು ಮರ್ಯಾದೆಗೆಂದು ಮಾತಿನ ಕೊನೆಗೆ ಸೇರಿಸುವ 'ಈಂಗ'ವನ್ನೂ ಮಾತ್ರ ಇದ್ದಷ್ಟೇ ಬಿಟ್ಟಿದ್ದೇನೆ.

"ಆ ಮನೇಲಿ ಯಾರೂ ಇಲ್ಲೀಂಗ," ಎಂದ ಕರುಪ್ಪಸಾಮಿ.

"ನಾನು ಇದೀನಲ್ಲಪ್ಪಾ!" ಎಂದ ಲಿಂಗಪ್ಪನ್.

"ನೀವು ಇಲ್ಲಿ ಇದೀರಿ. ಮನೇಲಿ ಯಾರಿದಾರೆ?"

ಲಿಂಗಪ್ಪನ್ ಯೋಚಿಸಿದ. ಮನೆಯಲ್ಲಿ ನಿಜಕ್ಕೂ ಯಾರೂ ಇರಲಿಲ್ಲ. "ಬೇಕಾದರೆ ಬಂದು ನೋಡಿ," ಎಂದ.

"ದಿನಾ ನೋಡ್ತೀನಿ. ಏಳು ಗಂಟೆಗೆ."

"ಏಳು ಗಂಟೆಗೆ ನಾನು ತಿರುಪ್ಪೂರಲ್ಲಿ ಇರ್ತೀನಿ."

"ನಾನೂ ಅದನ್ನೇ ಹೇಳ್ತಿರೋದು," ಎಂದ ಕರುಪ್ಪಸಾಮಿ. ಸ್ಯಾನಿಟರಿ ಇನ್ಸ್‌ಪೆಕ್ಟರ್ ತಲೆಯಾಡಿಸಿ, ವಾದ ಸರಿಯಾಗಿದೆ ಎಂದು ಒಪ್ಪಿದರು.

ಈ ಲಿಂಗಪ್ಪನಿಗೆ ನಲವತ್ತೇಳು ವಯಸ್ಸು. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಚೆಕ್ಕಿಂಗ್ ಕೆಲಸ. ಹೊಲಿದು ಬಂದ ಬನಿಯನ್ನನ್ನು ಬೆಳಕಿಗೆ ಹಿಡಿದು ತೂತು ಹುಡುಕುವುದು. ಬೆಳಗಿನ ಮೊದಲ ಬಸ್ಸಿಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ಅವನಿಗೆ ಭಾನುವಾರ ರಜಾ, ಪುರಸಭೆಗೂ ಭಾನುವಾರ ರಜಾ. ಹೀಗಾಗಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಮದುವೆ ಆಗಿರಲಿಲ್ಲ. ಆ ಸೀಮೆಯಲ್ಲಿ ಕನ್ನಡ ಮಾತಾಡುವ ಒಕ್ಕಲು ಮನೆತನಗಳೇ ಕಡಿಮೆ. ಹೆಣ್ಣು ಹುಡುಕುವ ಕೆಲಸವನ್ನು ಅಪ್ಪ ಶುರು ಮಾಡಿ ತೀರಿಕೊಂಡ, ಅಮ್ಮ ಮುಂದುವರಿಸಿ ತೀರಿಕೊಂಡಳು. ಮಡತ್ತುಕುಳಂಗೆ ಮದುವೆಯಾಗಿ ಹೋದ ಅಕ್ಕ ಲಕ್ಷ್ಮಿಯಮ್ಮಾಳ್ ಹಿಂದಿನ ಇಬ್ಬರ ಗತಿ ನೋಡಿ ಆ ಕೆಲಸವನ್ನೇ ಕೈಬಿಟ್ಟಳು.

ಕಚೇರಿಯಿಂದ ಹೊರಡುವಾಗ ಕರುಪ್ಪಸಾಮಿಗೆ ಕನಿಕರ ಬಂತು. ಸೈಕಲ್ ಸ್ಟ್ಯಾಂಡಿನ ಹತ್ತಿರ ಕರೆದು ಗುಟ್ಟು ಹೇಳಿದ. "ಅಣ್ಣೇ, ಅರ್ಜಿ ಗಿರ್ಜಿ ಬೇಡೀಂಗ. ವಾಸಲಲ್ಲಿ ಕೋಲ ಇರಲಿ. ಮಿಕ್ಕಿದ್ದು ನಾನು ನೋಡ್ಕೊಳ್ತೀನಿ." ವಾಸಲು ಎಂದರೆ ಬಾಗಿಲ ಮುಂದಿನ ಜಾಗ, ಕೋಲ ಎಂದರೆ ನಮ್ಮ ರಂಗೋಲಿ. ಲಿಂಗಪ್ಪನ್ ಬನಿಯನ್ನಿನಲ್ಲಿ ಎಂಥ ಸಣ್ಣ ತೂತನ್ನೂ ಹಿಡಿಯಬಲ್ಲ, ಆದರೆ ಮಾತಿನಲ್ಲಿರುವ ತೂತು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ದಾರಿಯಲ್ಲೇ ಒಂದು ಪಡಿ ಕೋಲದ ಪುಡಿ ಕೊಂಡ.

ಗಂಡಸಿಗೆ ರಂಗೋಲಿ ಬರುತ್ತದೆಯೇ? ಮೊದಲ ಬಸ್ಸಿಗೆ ಮುಂಚೆ, ಬೀದಿದೀಪ ಕೆಟ್ಟು ಎಷ್ಟೋ ಕಾಲವಾಗಿದ್ದ ಆ ಕತ್ತಲಲ್ಲಿ, ಅವನು ಕೂತ, ಬಗ್ಗಿದ, ಚುಕ್ಕಿ ಇಟ್ಟ, ಅಳಿಸಿದ. ಪುಡಿ ಮೂಗಿಗೆ ಹೋಗಿ ಸೀನಿದ. ಕಡೆಗೆ ಗೊತ್ತಿದ್ದ ವಿದ್ಯೆಗೇ ಶರಣಾದ. ಕಂಪನಿಯಲ್ಲಿ ಬನಿಯನ್ ಬಟ್ಟೆ ಕತ್ತರಿಸಲು ಬಳಸುವ ರಟ್ಟಿನ ಅಚ್ಚೊಂದು ಮನೆಯಲ್ಲಿತ್ತು. ಅದನ್ನು ನೆಲದ ಮೇಲೆ ನಾಲ್ಕು ದಿಕ್ಕಿಗೂ ತಿರುಗಿಸಿ ಇಟ್ಟು, ಸುತ್ತ ಪುಡಿ ಬಿಟ್ಟು, ಬೀಗ ಹಾಕಿ ಬಸ್ಸಿಗೆ ಓಡಿದ. ಬೆಳಕು ಹರಿದಾಗ ಅವನ ಬಾಗಿಲ ಮುಂದೆ ನಾಲ್ಕು ಬನಿಯನ್‌ಗಳು ಕೈಕೈ ಹಿಡಿದು ನಿಂತಿದ್ದವು.

ಮೊದಲು ನೋಡಿದ್ದು ಎದುರು ಮನೆಯ ಸೆಲ್ಲಮ್ಮ. ಅವಳೂ ಕನ್ನಡದವಳು, ಲಿಂಗಪ್ಪನ ಜನವೇ. ಅವಳ ಪೂರ್ವಿಕರು ಯಾವುದೋ ಕಾಲದಲ್ಲಿ ಮೈಸೂರು ಕಡೆಯಿಂದ ಘಟ್ಟ ಇಳಿದು ಬಂದವರು. ಆಮೇಲೆ ಆ ವಂಶದಲ್ಲಿ ಯಾರೂ ಆ ಕಡೆ ತಲೆ ಹಾಕಿರಲಿಲ್ಲ. ಆದ್ದರಿಂದ ತನಗೆ ಅರ್ಥವಾಗದ್ದೆಲ್ಲ ಮೈಸೂರು ಕಡೆಯದು ಎಂದು ಅವಳು ಗಟ್ಟಿಯಾಗಿ ನಂಬಿದ್ದಳು.

"ಬನ್ರೇ ಅಮ್ಮಣಿ, ಬಂದು ನೋಡ್ರೇ!" ಎಂದು ಬೀದಿಯ ಹೆಂಗಸರನ್ನು ಕೂಗಿದಳು. "ಇದು ನಮ್ಮ ಕಡೆ ಕೋಲ ಅಲ್ಲ. ಮೈಸೂರು ಕೋಲ! ಲಿಂಗಪ್ಪ ಮೈಸೂರು ಕಡೆಯಿಂದ ಹೆಣ್ಣು ತಂದವ್ನೆ!"

"ಯಾರ್ಗೂ ಸೊಲ್ಲದೆ ಮದುವೆ ಆದ್ನಾ?"

"ವಯಸಾಯ್ತಲ್ಲ, ವೆಟ್ಕ ಇರಾದಿಲ್ವಾ? ನಾಚ್ಕೆ ಕಣೇ."

"ಹೊರಗೆ ಬೀಗ ಐತಲ್ಲಕ್ಕಾ?"

"ಹಿಂದ್ಗಡೆ ಬಾಗಿಲು ಇರ್ತದೆ. ಹೊಸ ಹೆಣ್ಣು, ಭಾಷೆ ಬರದು, ಎಲ್ಲಿ ಮುಂದ್ಗಡೆ ಬಂದಾಳು?"

ಹೀಗೆ ಹಾಲು ಕಾಯುವುದರೊಳಗೆ ಲಿಂಗಪ್ಪನಿಗೆ ಮದುವೆಯಾಗಿ, ಹೆಂಡತಿ ಮನೆ ತುಂಬಿ, ಅವಳ ಗುಣಸ್ವಭಾವವೂ ಗೊತ್ತಾಯಿತು. ಏಳಕ್ಕೆ ಕರುಪ್ಪಸಾಮಿ ಬಂದು ಕೋಲ ನೋಡಿದ, ಹೆಂಗಸರ ಮಾತು ಕೇಳಿದ, ಕಚೇರಿಗೆ ಹೋಗಿ "ಆ ಮನೆಗೆ ಕುಟುಂಬ ಬಂದಾಯ್ತುಂಗ" ಎಂದು ವರದಿ ಒಪ್ಪಿಸಿದ. ಪುರಸಭೆಗೆ ಎರಡೇ ಬಗೆಯ ಮನೆ ಗೊತ್ತಿತ್ತು. ಬೀಗದ ಮನೆ, ಕುಟುಂಬದ ಮನೆ. ಒಬ್ಬನೇ ಉಣ್ಣುವವನಿಗೆ ಯಾವ ವಿಭಾಗದಲ್ಲೂ ಜಾಗವಿರಲಿಲ್ಲ.

ಆ ರಾತ್ರಿ ಕೊಳಾಯಿಯಲ್ಲಿ ನೀರು ಬಂತು. ಲಿಂಗಪ್ಪನ್ ಬಿಂದಿಗೆ ತುಂಬುವ ಸದ್ದನ್ನು ಕೇಳುತ್ತ ಪಕ್ಕದಲ್ಲೇ ನಿಂತಿದ್ದ. ಆಗ ಸೆಲ್ಲಮ್ಮ ನುಗ್ಗೆಕಾಯಿ ಸಾಂಬಾರಿನ ಪಾತ್ರೆ ಹಿಡಿದು ಬಂದಳು.

"ತಗೋ ಸಾಮಿ. ಹೊಸ ಊರು, ಅವ್ಳಿಗೆ ಒಗ್ಗಬೇಕಲ್ಲ. ಹೆಂಗವ್ಳೆ?"

ಲಿಂಗಪ್ಪನಿಗೆ 'ಅವಳು' ಯಾರೆಂದು ತಿಳಿಯಲಿಲ್ಲ. ತಿಳಿಯದ ಪ್ರಶ್ನೆಗೆಲ್ಲ ಅವನದು ಒಂದೇ ಉತ್ತರ. "ಪರವಾಯಿಲ್ಲಕ್ಕಾ."

ಯಾರ ವಿಷಯ ಎಂದು ಅರ್ಥವಾಗುವ ಹೊತ್ತಿಗೆ ಸಾಂಬಾರು ಖಾಲಿಯಾಗಿತ್ತು. ಉಂಡ ಮೇಲೆ ಇಲ್ಲವೆನ್ನುವುದು ಹೇಗೆ? ಅಲ್ಲದೆ ಹೆಂಡತಿ ಇಲ್ಲವೆಂದರೆ ಕುಟುಂಬ ಇಲ್ಲ, ಕುಟುಂಬ ಇಲ್ಲವೆಂದರೆ ಬೀಗದ ಮನೆ, ಬೀಗದ ಮನೆಯಾದರೆ ನೀರಿಲ್ಲ. ತರ್ಕ ಇಷ್ಟು ಭದ್ರವಾಗಿರುವಾಗ ಬಾಯಿ ಬಿಡುವುದು ಅಪಾಯ. ಮರುದಿನವೂ ನಾಲ್ಕು ಬನಿಯನ್‌ಗಳು ಕೈ ಹಿಡಿದುಕೊಂಡವು.

ಅಲ್ಲಿಂದ ಮುಂದೆ ಪುರಸಭೆ ತನ್ನ ಸೇವೆಯನ್ನು ಆ ಮನೆಯ ಮೇಲೆ ಸುರಿಯಿತು. ಕಸದ ಗಾಡಿ ಬಾಗಿಲಲ್ಲಿ ನಿಂತು ಗಂಟೆ ಬಾರಿಸಿತು. ಸೊಳ್ಳೆಗೆ ಹೊಗೆ ಬಿಡುವವರು ಕಿಟಕಿಯಿಂದ ಹೊಗೆ ಬಿಟ್ಟು ಹೋದರು. ಆರೋಗ್ಯ ವಿಭಾಗದ ನರ್ಸಮ್ಮ ವಿಜಯಕುಮಾರಿ, ವಾರ್ಡಿನ ಹೆಂಗಸರನ್ನು ನೋಡಿಕೊಳ್ಳುವವಳು, ಹಗಲಲ್ಲಿ ಬಂದು ಕಿಟಕಿಯ ಹತ್ತಿರ ನಿಂತು ಕುಟುಂಬ ಯೋಜನೆಯ ಭಾಷಣವನ್ನು ಪೂರ್ತಿ ಒಪ್ಪಿಸಿದಳು. ಒಳಗಿನಿಂದ ಒಂದೂ ಎದುರು ಮಾತು ಬರಲಿಲ್ಲ. ಅಷ್ಟು ಶ್ರದ್ಧೆಯಿಂದ ಕೇಳಿದವರನ್ನು ತನ್ನ ಸರ್ವೀಸಿನಲ್ಲೇ ನೋಡಿಲ್ಲ ಎಂದು ಸೆಲ್ಲಮ್ಮನ ಹತ್ತಿರ ಹೊಗಳಿದಳು. ಹೋಗುವಾಗ ರಕ್ತಕ್ಕೆ ಒಳ್ಳೆಯದೆಂದು ಕಬ್ಬಿಣದ ಮಾತ್ರೆಗಳನ್ನು ಕಿಟಕಿಯಲ್ಲಿ ಇಟ್ಟಳು.

ಸರ್ಕಾರದ ಮಾತ್ರೆಯನ್ನು ದಂಡ ಮಾಡಬಾರದೆಂದು ಲಿಂಗಪ್ಪನ್ ದಿನಕ್ಕೊಂದು ನುಂಗಿದ. ವಿಜಯಕುಮಾರಿ ಮತ್ತೆ ಬಂದಾಗ ಕಿಟಕಿಯಲ್ಲಿ ಖಾಲಿ ಕಾಗದ ಮಾತ್ರ ಇತ್ತು. "ಈ ಮಾತ್ರೆ ಬಸುರಿಯರೇ ಸರಿಯಾಗಿ ನುಂಗಲ್ಲ. ಈಕೆ ಒಂದೂ ಬಿಟ್ಟಿಲ್ಲ. ವಿಶೇಷ ಇರಬೇಕು," ಎಂದಳು. ಸಂಜೆಯ ಹೊತ್ತಿಗೆ ಲಿಂಗಪ್ಪನ ಹೆಂಡತಿ ಬಸುರಿಯಾದಳು. ಸೆಲ್ಲಮ್ಮ ಹಸಿ ಮಾವಿನಕಾಯಿ ಹೆಚ್ಚಿ ಉಪ್ಪು ಖಾರ ಹಚ್ಚಿ ತಂದುಕೊಟ್ಟಳು.

"ಏನು ಆಸೆ ಪಡ್ತಾಳೆ ಕೇಳು ಸಾಮಿ."

"ಪರವಾಯಿಲ್ಲಕ್ಕಾ," ಎಂದು ಲಿಂಗಪ್ಪನ್ ಮಾವಿನಕಾಯಿ ತಿಂದ.

ವಾರ್ಡಿನ ಕೌನ್ಸಿಲರ್ ಗೋವಿಂದಸಾಮಿ, ಗೆದ್ದು ವರ್ಷ ಕಳೆದರೂ ಬೀದಿದೀಪದ ಮನವಿಗಳನ್ನು ಅಂಗಿ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದವರು, "ಬಸುರಿ ಹೆಣ್ಮಗಳಿರೋ ಬೀದೀಲಿ ಕತ್ತಲಾ?" ಎಂದು ಗುಡುಗಿ ದೀಪ ಹಾಕಿಸಿದರು. ಇದರಿಂದ ಇಡೀ ಬೀದಿಗೆ ಬೆಳಕಾಯಿತು, ಲಿಂಗಪ್ಪನೊಬ್ಬನಿಗೆ ಕಷ್ಟಕ್ಕಿಟ್ಟುಕೊಂಡಿತು. ಟ್ಯೂಬ್‌ಲೈಟಿನ ಕೆಳಗೆ ರಂಗೋಲಿ ಹಾಕುವುದು ಹೇಗೆ? ತಲೆಯ ಮೇಲೆ ದುಪ್ಪಟಿ ಮುಸುಕು ಹಾಕಿಕೊಂಡು ಕೂತ. ಅದನ್ನು ಯಾರೋ ಕಿಟಕಿಯಿಂದ ಕಂಡರು. "ಕಣ್ಣಾರೆ ನೋಡ್ದೆ ಕಣೇ! ತಲೆ ತುಂಬ ಮುಸುಕು. ಒಳ್ಳೆ ಮೈಕಟ್ಟಿನ ಹೆಣ್ಣು. ಹೊಟ್ಟೆ ಆಗ್ಲೇ ಇಷ್ಟು ಮುಂದಕ್ಕೆ ಬಂದೈತೆ!" ಆ ಹೊಟ್ಟೆ ತಿರುಪ್ಪೂರಿನ ಪರೋಟದ್ದು.

ಲಿಂಗಪ್ಪನಿಗೆ ಭಯವಿತ್ತು. ಆದರೆ ಭಯದ ಜೊತೆ ಇನ್ನೊಂದು ಸಂಗತಿಯೂ ಇತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವನಿಗೆ ಹಿತವಾಗಿತ್ತು. ಮೊದಲು ಬಸ್ಸಿಳಿದು ಬೀದಿಗೆ ಬಂದರೆ ಅವನ ಕಡೆ ತಿರುಗಿ ನೋಡುತ್ತಿದ್ದುದು ನಾಯಿಗಳು ಮಾತ್ರ, ಅವೂ ಪರಿಚಯ ಹೆಚ್ಚಾದಂತೆ ನಿಲ್ಲಿಸಿದ್ದವು. ಈಗ ಜಗಲಿಯ ಮುದುಕರು "ಬಂದ್ಯಾಪ್ಪಾ" ಎನ್ನುತ್ತಿದ್ದರು. ಹೆಂಗಸರು "ಹುಷಾರಾಗಿ ನೋಡ್ಕೋ" ಎನ್ನುತ್ತಿದ್ದರು. ಇಲ್ಲದ ಹೆಂಡತಿಯ ಕೃಪೆಯಿಂದ ಇರುವ ಗಂಡ ಬೀದಿಗೆ ಕಾಣಿಸತೊಡಗಿದ್ದ. ಸೆಲ್ಲಮ್ಮನ ಪಾತ್ರೆಗಳನ್ನು ಅವನು ಎರಡೆರಡು ಸಲ ಉಜ್ಜಿ ತೊಳೆದು ಗೋಡೆಗೆ ಸಾಲಾಗಿ ಬೋರಲು ಹಾಕುತ್ತಿದ್ದ. ತಿರುಗಿ ಕೊಡಲು ಮನಸ್ಸು ಬರುತ್ತಿರಲಿಲ್ಲ.

ಸುದ್ದಿ ಬಸ್ ಕಂಡಕ್ಟರುಗಳ ಬಾಯಿಂದ ಬಾಯಿಗೆ ದಾಟಿ ಮಡತ್ತುಕುಳಂ ಮುಟ್ಟಿತು. ಲಕ್ಷ್ಮಿಯಮ್ಮಾಳ್ ಮೊದಲು ಅತ್ತಳು, ಆಮೇಲೆ ಬೈದಳು, ಕಡೆಗೆ ಬಳೆ ಕೊಂಡಳು. ಗಂಡನ ಅಕ್ಕನಾದವಳು ಬಸುರಿಗೆ ಬಳೆ ತೊಡಿಸದೆ ಬಿಡುವುದುಂಟೇ? ಹಸಿರು ಗಾಜಿನ ಬಳೆ, ಸಿರುಮುಗೈ ರೇಷ್ಮೆ ಸೀರೆ, ಐದು ಬಗೆಯ ಚಿತ್ರಾನ್ನ ಹೊತ್ತು ಒಂದು ಮಧ್ಯಾಹ್ನ ತಮ್ಮನ ಬಾಗಿಲಿಗೆ ಬಂದಳು. ಬಾಗಿಲಿಗೆ ಅಂಗೈ ಅಗಲದ ಬೀಗ.

"ಹಿಂದ್ಗಡೆ ಬಾಗಿಲಿಗೆ ಹೋಗಿ ಕೂಗು ಅಮ್ಮಣಿ," ಎಂದಳು ಸೆಲ್ಲಮ್ಮ.

ಲಕ್ಷ್ಮಿಯಮ್ಮಾಳ್ ಅವಳನ್ನೇ ನೋಡಿದಳು. "ಯಾವ ಹಿಂದ್ಗಡೆ ಬಾಗಿಲು? ನಾನು ಹುಟ್ಟಿದ ಮನೆ ಇದು. ನಮ್ಮಪ್ಪ ಕಟ್ಟಿದ್ದು. ಈ ಮನೆಗೆ ಇರೋದು ಒಂದೇ ಬಾಗಿಲು."

ಹೆಂಗಸರೆಲ್ಲ ಬೀಗದ ಕಡೆ ತಿರುಗಿದರು. ಆಮೇಲೆ ಸೆಲ್ಲಮ್ಮ ಎದೆ ಬಡಿದುಕೊಂಡು ಕಿರುಚಿದಳು. "ಅಯ್ಯಯ್ಯೋ! ಬಸುರಿ ಹೆಣ್ಣನ್ನ ಒಳಗೆ ಕೂಡಿ ಬೀಗ ಹಾಕ್ಕೊಂಡು ಹೋಗ್ತಾವ್ನೆ ಪಾವಿ, ಪಾಪಿ!"

ಇಂಥ ವೇಗದಲ್ಲಿ ಪುರಸಭೆ ಅದಕ್ಕೆ ಮುಂಚೆಯೂ ಕೆಲಸ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ವಿಜಯಕುಮಾರಿ ಓಡಿ ಬಂದಳು. ಕರುಪ್ಪಸಾಮಿ ಸೈಕಲ್ ಬಿಸಾಡಿ ಬಂದ. ಗೋವಿಂದಸಾಮಿ ಬಿಳಿ ಅಂಗಿ ತೊಟ್ಟು ಬಂದರು. ಸ್ಯಾನಿಟರಿ ಇನ್ಸ್‌ಪೆಕ್ಟರ್ ಮೂಗಿಗೆ ಕರ್ಚೀಫು ಹಿಡಿದೇ ಬಂದರು. ನೀರು ವಿಭಾಗದ ಫಿಟ್ಟರ್ ಹಾರೆ ತಂದ. ಕಿಟಕಿಯಲ್ಲಿ ಕೂಗಿದರು, "ಹೆದರಬೇಡಮ್ಮಾ! ಮುನ್ಸಿಪಾಲಿಟಿ ಬಂದಿದೆ!" ಒಳಗಿನಿಂದ ಉತ್ತರವಿಲ್ಲ.

"ಮೂರ್ಛೆ ಹೋಗಿರಬೇಕು," ಎಂದಳು ವಿಜಯಕುಮಾರಿ.

"ಒಡೀರಿ! ಖರ್ಚು ಮುನ್ಸಿಪಾಲಿಟಿದು!" ಎಂದರು ಗೋವಿಂದಸಾಮಿ.

ಲಿಂಗಪ್ಪನ ಅಪ್ಪ ಹಾಕಿಸಿದ ಬಾಗಿಲು ಗಟ್ಟಿಯದು. ಬೀಗದ ಜೊತೆ ಚಿಲಕವೂ, ಚಿಲಕದ ಜೊತೆ ಚೌಕಟ್ಟಿನ ತುಂಡೂ ಕಿತ್ತು ಬಂತು. ಬೀದಿಯೆಲ್ಲ ಒಳಗೆ ನುಗ್ಗಿತು.

ಒಳಗೆ ಒಂದು ತಟ್ಟೆ ಇತ್ತು. ಒಂದು ಲೋಟ. ಒಂದು ಚಾಪೆ, ಒಂದು ದಿಂಬು. ತಂತಿಯ ಮೇಲೆ ಒಂದು ಲುಂಗಿ ಒಣಗುತ್ತಿತ್ತು. ಮೂಲೆಯಲ್ಲಿ ಕೋಲದ ಪುಡಿ, ಅದರ ಪಕ್ಕ ಬಿಳಿ ಹತ್ತಿದ ರಟ್ಟಿನ ಅಚ್ಚು. ಗೋಡೆಯ ಬದಿಗೆ ಸೆಲ್ಲಮ್ಮನ ಪಾತ್ರೆಗಳು ಪಳಪಳ ಹೊಳೆಯುತ್ತಿದ್ದವು. ಕರುಪ್ಪಸಾಮಿ ಅಕ್ಕಿ ಡಬ್ಬದ ಹಿಂದೆಯೂ ಇಣುಕಿ ನೋಡಿದ. ಅಷ್ಟು ಜನ ಆ ಮನೆಯೊಳಗೆ ಒಟ್ಟಿಗೆ ನಿಂತದ್ದು ಅದೇ ಮೊದಲು, ಆದರೆ ಆತಿಥ್ಯ ಮಾಡಲು ಮನೆಯವನು ಇರಲಿಲ್ಲ.

ಅವನು ಬಸ್ಸಿಳಿದು ಬಂದಾಗ ಕತ್ತಲಾಗಿತ್ತು. ಹೊಸ ದೀಪದ ಬೆಳಕಿನಲ್ಲಿ ಬೀದಿ ತುಂಬ ಜನ, ಬಾಯಿ ತೆರೆದ ಬಾಗಿಲು, ನಡುವೆ ಸೊಂಟಕ್ಕೆ ಸೆರಗು ಸಿಕ್ಕಿಸಿದ ಅಕ್ಕ.

"ಡೇಯ್ ಲಿಂಗಪ್ಪಾ, ಎಲ್ಲೋ ಅವ್ಳು?"

"ಯಾರಕ್ಕಾ?"

"ನಿನ್ನ ಹೆಂಡ್ತಿ!"

"ನನಗೆಲ್ಲಕ್ಕಾ ಹೆಂಡ್ತಿ?" ಎಂದ ಲಿಂಗಪ್ಪನ್. "ನೀರು ನಿಂತೋಯ್ತು. ಕೋಲ ಹಾಕು ಅಂದ್ರು, ಹಾಕ್ದೆ. ನೀರು ಬಂತು."

ಎಲ್ಲರ ಕಣ್ಣೂ ಕರುಪ್ಪಸಾಮಿಯ ಕಡೆ ತಿರುಗಿತು. ಅವನು ಎರಡೂ ಕೈ ಅಡ್ಡಡ್ಡ ಆಡಿಸಿದ. "ಕೋಲ ಇರಲಿ ಅಂದೆ. ನೀವೇ ಹಾಕಿ ಅಂದ್ನಾ? ಗಂಡಸು ಹಾಕೋದುಂಟಾ? ಸುಳ್ಳೀಂಗ!"

ಸುಳ್ಳೋ ನಿಜವೋ ಪರೀಕ್ಷೆಯಾಗಲಿ ಎಂದು ಇನ್ಸ್‌ಪೆಕ್ಟರ್ ಅಪ್ಪಣೆ ಮಾಡಿದರು. ಲಿಂಗಪ್ಪನ್ ಊಟದ ಚೀಲವನ್ನು ಕೆಳಗಿಟ್ಟು, ಪುಡಿ ತಂದು, ಎಲ್ಲರ ಮುಂದೆ ಮಂಡಿಯೂರಿ ಕೂತ. ಅಚ್ಚಿಟ್ಟ, ತಿರುಗಿಸಿದ, ಪುಡಿ ಬಿಟ್ಟ. ಇಷ್ಟು ದಿನದ ಅಭ್ಯಾಸದಲ್ಲಿ ಕೈ ಪಳಗಿತ್ತು. ನಾಲ್ಕು ಬನಿಯನ್‌ಗಳು ಒಂದಕ್ಕೊಂದು ಕೈ ಕೊಟ್ಟವು. ಯಾರೂ ನಗಲಿಲ್ಲ.

"ಹಂಗಾದ್ರೆ ನನ್ನ ಸಾಂಬಾರು?" ಎಂದಳು ಸೆಲ್ಲಮ್ಮ. "ನನ್ನ ಮಾವಿನಕಾಯಿ?"

"ನನ್ನ ಮಾತ್ರೆ?" ಎಂದಳು ವಿಜಯಕುಮಾರಿ.

"ನಾನೇ ತಿಂದೆ."

"ಹೇಳಬಾರ್ದಾ ಬಾಯಿ ಬಿಟ್ಟು?" ಎಂದು ಅಕ್ಕ ಕೂಗಿದಳು. "ಇಷ್ಟು ಜನ ಇಷ್ಟು ದಿನ ಕೇಳಿದ್ರಲ್ಲ!"

ಲಿಂಗಪ್ಪನ್ ಕೈಗಂಟಿದ ಪುಡಿಯನ್ನು ಒರೆಸಿಕೊಂಡ. "ನನ್ನ ಯಾರೂ ಕೇಳಲಿಲ್ಲಕ್ಕಾ. ಅವ್ಳು ಹೆಂಗವ್ಳೆ ಅಂತ ಕೇಳ್ತಿದ್ರು. ಅವ್ಳು ಇಲ್ಲ ಅಂದ್ರೆ ಕೇಳೋದು ನಿಂತೋಗ್ತದಲ್ಲಾ ಅಂತ ಸುಮ್ನಿದ್ದೆ."

ಇದಕ್ಕೆ ಉತ್ತರ ಕೊಡುವ ವಿಭಾಗ ಪುರಸಭೆಯಲ್ಲಿ ಇರಲಿಲ್ಲ. ಇನ್ಸ್‌ಪೆಕ್ಟರ್ ಕರ್ಚೀಫು ಮಡಚಿ, ಮನೆಯಲ್ಲಿ ಆಳಿರುವುದು ರುಜುವಾತಾಗಿದೆ, ಕೊಳಾಯಿ ಇರಲಿ ಎಂದರು. ಬಾಗಿಲಿನ ರಿಪೇರಿಯನ್ನು ಕಾಮಗಾರಿ ವಿಭಾಗದಿಂದ ಕೂಡಲೇ ಮಾಡಿಸುವುದಾಗಿ ಗೋವಿಂದಸಾಮಿ ಘೋಷಿಸಿದರು. ಸೆಲ್ಲಮ್ಮ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟುಕೊಂಡು ಮುಖ ತಿರುಗಿಸಿ ಹೋದಳು. ಅಕ್ಕ ಚಿತ್ರಾನ್ನವನ್ನು ತಮ್ಮನ ತಟ್ಟೆಗೆ ಬಡಿಸಿ, ಅವನು ಉಣ್ಣುವವರೆಗೂ ಕೂತಿದ್ದು, ಬಳೆಯನ್ನೂ ಸೀರೆಯನ್ನೂ ಮತ್ತೆ ಗಂಟು ಕಟ್ಟಿ ಕೊನೆಯ ಬಸ್ಸಿಗೆ ಹೋದಳು. ಬೀದಿ ಬರಿದಾಯಿತು. ಮನೆ ಮೊದಲಿಗಿಂತ ದೊಡ್ಡದಾಗಿ ಕಂಡಿತು.

ಬೆಳಿಗ್ಗೆ ರಂಗೋಲಿಯ ಅಗತ್ಯವಿರಲಿಲ್ಲ. ಲಿಂಗಪ್ಪನ್ ಹೊರಟು ಹೊಸ್ತಿಲಲ್ಲಿ ನಿಂತ. ಬಾಗಿಲು ಮುಂದಕ್ಕೆ ಎಳೆದರೆ ಹಿಂದಕ್ಕೆ ಹೋಗುತ್ತಿತ್ತು. ಬೀಗ ಹಾಕಲು ಚಿಲಕವಿಲ್ಲ, ಚಿಲಕ ಹೊಡೆಯಲು ಚೌಕಟ್ಟಿಲ್ಲ. ತೆರೆದ ಮನೆಯನ್ನು ಬಿಟ್ಟು ಹೋಗುವುದು ಹೇಗೆಂದು ನಿಂತೇ ಇದ್ದಾಗ ಮೊದಲ ಬಸ್ಸಿನ ಹಾರನ್ ಕೇಳಿತು, ಬಸ್ಸು ಹೋಯಿತು. ಎದುರು ಮನೆಯ ಬಾಗಿಲು ತೆರೆಯುವವರೆಗೂ ಕಾದು, ಬೀದಿ ದಾಟಿ ಹೋದ.

"ಸೆಲ್ಲಮ್ಮಕ್ಕಾ, ಬೀಗ ಹಾಕಕ್ಕಾಗಲ್ಲ. ಮನೆ ಕಡೆ ಒಂಚೂರು ನೋಡ್ಕೊಳ್ತೀರಾ?"

ಸೆಲ್ಲಮ್ಮನ ಸಿಟ್ಟು ಇನ್ನೂ ಆರಿರಲಿಲ್ಲ. ನೀರು ಚಿಮುಕಿಸುತ್ತ, ಅವನ ಕಡೆ ನೋಡದೆ, "ನೋಡ್ಕೊಳ್ತೀನಿ," ಎಂದಳು. ಆಮೇಲೆ, "ಎಷ್ಟೊತ್ತಿಗೆ ಬರ್ತೀಯ?" ಎಂದಳು.

ಅಮ್ಮ ಹೋದ ಮೇಲೆ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. "ಎಂಟು," ಎಂದ. "ಎಂಟಕ್ಕೆ ಬಂದ್ಬಿಡ್ತೀನಕ್ಕಾ."

"ಲೇಟಾಗೋದಾದ್ರೆ ಮುಂಚೇನೇ ಹೇಳು. ನಾನು ಬಾಗಿಲು ಕಾಯ್ಕೊಂಡು ಕೂತಿರಕ್ಕಾಗಲ್ಲ. ಸರಿ, ಹೋಗಿ ಬಾ."

ಆವತ್ತು ಅವನು ಎರಡನೆಯ ಬಸ್ಸಿಗೆ ಹೋದ. ಆಮೇಲೆ ದಿನವೂ ಎರಡನೆಯ ಬಸ್ಸಿಗೇ ಹೋದ. ತಡವಾಗಿ ಬಂದದ್ದಕ್ಕೆ ಕಂಪನಿಯವರು ಬೈದರು, ಬೈಸಿಕೊಂಡ.

ಕಾಮಗಾರಿ ವಿಭಾಗದ ಬಡಗಿ ಬಂದದ್ದು ಮುಂದಿನ ಬೇಸಿಗೆಯಲ್ಲಿ. ಅದು ಕರೆಂಟ್ ಕಟ್ ಆಗಿ ಕಂಪನಿ ಮಧ್ಯಾಹ್ನ ತೆರೆಯುವ ದಿನ, ಲಿಂಗಪ್ಪನ್ ಹೊರಡಲು ಸಿದ್ಧನಾಗಿದ್ದ. ಬಡಗಿ ಉಳಿ ಸುತ್ತಿಗೆ ಇಳಿಸಿ, ಒಂದು ವರ್ಷ ತಡವಾದದ್ದಕ್ಕೆ ಬೈಗುಳ ಖಂಡಿತವೆಂದು ತಲೆ ತಗ್ಗಿಸಿ ನಿಂತ.

"ಇವತ್ತು ಬೇಡ ಮೇಸ್ತ್ರೀ," ಎಂದ ಲಿಂಗಪ್ಪನ್. "ನಂದೇನೂ ಅವಸರ ಇಲ್ಲ. ಊರಲ್ಲಿ ಎಷ್ಟೋ ಕೆಲಸ ಇರ್ತವೆ, ಅದನ್ನೆಲ್ಲ ಮುಗಿಸ್ಕೊಂಡು ನಿಧಾನಕ್ಕೆ ಬನ್ನಿ."

ಪುರಸಭೆಯ ಕೆಲಸಕ್ಕೆ ಸೇರಿದಂದಿನಿಂದ ಇಂಥ ನಾಗರಿಕನನ್ನು ಕಾಣದ ಬಡಗಿ ಕಕ್ಕಾಬಿಕ್ಕಿಯಾದ. "ಬೀಗ ಇಲ್ಲದ ಮನೆ ಬಿಟ್ಟು ಹೆಂಗ್ ಹೋಗ್ತೀರೀಂಗ?"

"ಹೇಳಿ ಹೋಗ್ತೀನಿ," ಎಂದು ಲಿಂಗಪ್ಪನ್ ಬಾಗಿಲನ್ನು ಸುಮ್ಮನೆ ಮುಂದಕ್ಕೆಳೆದು, ಬೀದಿ ದಾಟಿದ.